ಶಾಲೆಗೆ ಯಾವ ಪೆಟ್ಟಿಗೆ ಕೊಳ್ಳೋಣ?

(ಡೊಂಬಿವಲಿಯಲ್ಲಿ ಸೇರಿದ್ದ ಪಾಲಕರ ಹಾಗೂ ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನವರಿಗೆ ಭಾನುವಾರವೇ ಗಿರಾಕಿ ಹೆಚ್ಚು. ಆದರೂ ಠಾಣೆ, ಕಲ್ಯಾಣ, ವಾಶಿಗಳಿಂದ ಪಾಳಿ ಬದಲಾಯಿಸಿಕೊಂಡು ಬಂದಿದ್ದೀರಿ. ಆದುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಕನ್ನಡ ಶಾಲೆಯ ಸಂಗೀತದ ತರಗತಿಗೆಂದು ಕೂಡಿಸಿದ ಹಣದಿಂದ ಏನನ್ನು ಕೊಳ್ಳಬೇಕು? ದೊಡ್ಡ ಕೀಬೋರ್ಡು, ಗೋಡೆಗೆ ಪರದೆ ಎಂದು ತರುಣರು ಹೇಳುತ್ತಾರೆ. ಹಾಡಿನಿಂದ ಹೊಟ್ಟೆ ತುಂಬೀತೇ, ಆ ಹಣ ಗಣಿತದ ಟ್ಯೂಷನ್ನಿಗೆ ಹೋಗಲಿ ಎಂದು ಹಿರಿಯರು ಹೇಳುತ್ತಾರೆ. ನಾನು ಎರಡನ್ನೂ ಒಪ್ಪಲಾರೆ.

1969ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ನಾನು ಊರು ಬಿಟ್ಟು ಮುಂಬಯಿಗೆ ಬಂದು ಕಪ್ಪು-ಬಸಿ ತೊಳೆಯಲು ನಿಂತವನು. ರಾತ್ರಿ ಶಾಲೆಯಲ್ಲಿ ಅಕ್ಷರ ದೊರೆಯಿತು. ಸಂಗೀತ ದೊರೆತದ್ದು ಗಲ್ಲೆಯ ಹಿಂದಿದ್ದ ರೇಡಿಯೋದಿಂದ. ಯಂತ್ರದಿಂದ ಕಿವಿ ತೆರೆಯುವುದೆಂಬುದಕ್ಕೆ ನನಗಿಂತ ದೊಡ್ಡವರ ಸಾಕ್ಷಿ ಇದೆ. ಗಂಗೂಬಾಯಿ ಹಾನಗಲ್ ಅವರು ಬಾಲ್ಯದಲ್ಲಿ ಗ್ರಾಮೊಫೋನಿನ ದನಿ ಕೇಳಿದರೆ ಬೀದಿಗೆ ಓಡುತ್ತಿದ್ದರಂತೆ. ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡಿಗೆ ಮರುಳಾಗಿ, 1933ರಲ್ಲಿ ಗುರುವನ್ನು ಹುಡುಕುತ್ತ ಮನೆಯನ್ನೇ ತೊರೆದರು. ಆದರೆ ಇಬ್ಬರೂ ಕೊನೆಗೆ ಕುಳಿತು ಕಲಿತದ್ದು ಕುಂದಗೋಳದ ಸವಾಯಿ ಗಂಧರ್ವರ ಎದುರಿಗೆ. ರೆಕಾರ್ಡು ಕರೆಯಿತು, ತಿದ್ದಿದವರು ಗುರುಗಳು.

ಇದನ್ನು ಮರೆತು ನಾನೇ ಒಮ್ಮೆ ಕೆಟ್ಟೆ. ಕೆಲವು ವರ್ಷಗಳ ಹಿಂದೆ ಚಂದಾ ಎತ್ತಿ ಒಂದು ಶಾಲೆಗೆ ಕೀಬೋರ್ಡು ಕೊಡಿಸಿದೆ. ಹಾರ ಹಾಕಿ ಫೋಟೋ ತೆಗೆಸಿದೆವು. ಮರುವರ್ಷ ಹೋಗಿ ನೋಡಿದರೆ ಅದು ಕಪಾಟಿನಲ್ಲಿ ಬೀಗದೊಳಗಿತ್ತು. ನುಡಿಸಬಲ್ಲವರಿಲ್ಲ; ಮಕ್ಕಳು ಮುಟ್ಟಿದರೆ ಕೆಟ್ಟೀತೆಂಬ ಭಯ. ಶಾಲೆಯವರನ್ನು ದೂರುವುದು ಹೇಗೆ? ಕಲಿಸುವವರ ಸಂಬಳದ ಮಾತನ್ನು ನಾನೂ ಎತ್ತಿರಲಿಲ್ಲ.

ಇನ್ನು ಸ್ವರದ ವಿಚಾರ. ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ; ಗಲ್ಲೆಯಲ್ಲಿ ಕುಳಿತವರಿಗೆ ಕಷ್ಟವಾಗದು. ಷಡ್ಜವು ಸೆಕೆಂಡಿಗೆ 240 ಕಂಪನವಾದರೆ, ಅದಕ್ಕೆ ಕೂಡುವ ಶುದ್ಧ ಗಾಂಧಾರ 300. ಕೀಬೋರ್ಡಿನಲ್ಲಿ ಸಪ್ತಕವನ್ನು 12 ಸಮಪಾಲು ಮಾಡಿರುವುದರಿಂದ ಅದೇ ಗಾಂಧಾರ 302ನ್ನೂ ದಾಟುತ್ತದೆ. ಎರಡು ಕಂಪನಗಳಿಗೆ ಇಷ್ಟು ಜಗಳವೇ ಎಂದು ನಗಬೇಡಿ. ಎರಡೂ ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಧ್ವನಿ ಅಲೆಯುವುದು ಯಾರ ಕಿವಿಗೂ ತಿಳಿಯುತ್ತದೆ. ಹಾರ್ಮೋನಿಯಮ್ಮಿನ ಮೇಲೂ ಈ ಆಕ್ಷೇಪವಿತ್ತು. ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲವೆಂಬುದು ಇನ್ನೊಂದು ಆಕ್ಷೇಪ. 1940ರಲ್ಲಿ ಆಕಾಶವಾಣಿ ಅದಕ್ಕೆ ಬಾಗಿಲು ಮುಚ್ಚಿತು, 1971ರಲ್ಲಷ್ಟೇ ತೆರೆಯತೊಡಗಿತು. ನಾನು ಪೇಟಿಯ ವೈರಿಯಲ್ಲ. ನಾಟಕ ಕಂಪನಿಗಳ ಪದಗಳನ್ನು ಅದರ ಜೊತೆಯಲ್ಲೇ ಕೇಳಿ ಬೆಳೆದವನು. ಆದರೆ ಮೊದಲ ಪಾಠಕ್ಕೆ ಬೇಕಾದುದು ಶ್ರುತಿ.

ಅದಕ್ಕೆ ಮದ್ದು ನಮ್ಮ ನಾಡಿನಿಂದಲೇ ಬಂದಿದೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಕೊಳಲು ನುಡಿಸುವವರು, ಇಂಜಿನಿಯರರು ಸಹ. 1979ರಲ್ಲಿ ಅವರು ಇಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಈಗ ಅದೇ ಕೆಲಸವನ್ನು ಮೊಬೈಲೂ ಮಾಡುತ್ತದೆ. ಅದರ ಗುಣವೇನೆಂದರೆ ಶ್ರುತಿಯನ್ನು ಹಾಡುವವರ ಕಂಠಕ್ಕೆ ತಕ್ಕಂತೆ ಏರಿಸಬಹುದು, ಇಳಿಸಬಹುದು. ನಮ್ಮ ಶಾಲೆಗಳಲ್ಲಿ ಆಗುವುದು ತಿರುಗುಮುರುಗು: ಮಾಸ್ತರರ ಕಂಠ ತಗ್ಗು, ಮಕ್ಕಳ ಕಂಠ ಎತ್ತರ, ನಲವತ್ತು ಮಕ್ಕಳು ಮಾಸ್ತರರ ಶ್ರುತಿಗೆ ಗಂಟಲು ಅದುಮಿಕೊಂಡು ಹಾಡುತ್ತಾರೆ. 13-14ರ ಹುಡುಗರ ಕಂಠ ಒಡೆಯುವಾಗ ‘ನಿನಗೆ ಸ್ವರವಿಲ್ಲ, ಸುಮ್ಮನಿರು’ ಎಂದು ಹಿಂದಿನ ಬೆಂಚಿಗೆ ಕಳುಹಿಸುತ್ತಾರೆ. ಆಮೇಲೆ ಅವನು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ. ಹಾಗೆ ಸುಮ್ಮನಾದವರು ಈ ಸಭೆಯಲ್ಲೇ ಎಷ್ಟು ಮಂದಿ ಇದ್ದೀರೋ!

ಇನ್ನೊಂದು ವಸ್ತು ಧ್ವನಿ ಮುದ್ರಿಸುವ ಯಂತ್ರ. ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ, ಕುಂದಾಪುರದ ಕನ್ನಡ, ಕಲಬುರಗಿಯ ಕನ್ನಡ. ಬೀದಿಯ ಮಾತು ಮರಾಠಿ, ಹಿಂದಿ. ‘ಹ’ಕಾರ ಹಾರಿಹೋಗುವುದೂ ಮಹಾಪ್ರಾಣ ಬಡಕಲಾಗುವುದೂ ಸಹಜ. ಗದರಿಸಿದರೆ ಮಗು ಮೂಕವಾಗುತ್ತದೆ. ಅದರ ಪದ್ಯವನ್ನು ಅದಕ್ಕೇ ಕೇಳಿಸಿ ನೋಡಿ. ನಗುತ್ತದೆ, ಮತ್ತೆ ತಾನಾಗಿಯೇ ತಿದ್ದಿಕೊಳ್ಳುತ್ತದೆ.

ಅದೇ ಯಂತ್ರವನ್ನು ಮನೆಗೂ ಕಳುಹಿಸೋಣ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಚಾಳು ಬಿಟ್ಟು ಡೊಂಬಿವಲಿ, ಕಲ್ಯಾಣಗಳತ್ತ ಬಂದ ಕುಟುಂಬಗಳು ಎಷ್ಟೋ. ಆ ಮನೆಗಳ ಮೂಲೆಯಲ್ಲಿ ಬೀಸುವ ಕಲ್ಲಿನ ಪದ ಬಲ್ಲ ಅಜ್ಜಿಯರಿದ್ದಾರೆ, ಪಾಡ್ದನ ಬಲ್ಲವರಿದ್ದಾರೆ. ಭೋಂಗಾ ಕೂಗಿದೊಡನೆ ಎದ್ದು ಗಂಡನಿಗೆ ಡಬ್ಬಿ ಕಟ್ಟಿದ ಕೈಗಳವು. ಮೊಮ್ಮಗಳು ಆ ಪದವನ್ನು ಹಿಡಿದು ತರಲಿ. ತರಗತಿಯಲ್ಲಿ ಅದರ ತಾಳವನ್ನು ಎಣಿಸಲಿ, ಸ್ವರ ಬರೆಯಲಿ. ಇಂಥ ಪಾಠ ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಲ್ಲ.

ಹಿರಿಯರ ಪ್ರಶ್ನೆಗೆ ಒಂದೇ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಪಠ್ಯದ ಹೊರಗಿಡಬಾರದೆಂದಿದೆ. ಗಣಿತದ ಪಾಲನ್ನು ಕಸಿದುಕೊಳ್ಳೋಣ ಎಂದು ನಾನು ಹೇಳುತ್ತಿಲ್ಲ. ಈಗ ತಾನೇ ಹೇಳಿದ 240-300ರ ಲೆಕ್ಕ ಗಣಿತವಲ್ಲದೆ ಮತ್ತೇನು?

ನನ್ನ ಸೂಚನೆ ಇಷ್ಟು. ಒಂದು ಇಲೆಕ್ಟ್ರಾನಿಕ್ ತಂಬೂರಿ, ರೈಲು ಹಾಯುವಾಗಲೂ ಕೇಳಿಸುವಂಥ ಒಂದು ಸ್ಪೀಕರು, ಧ್ವನಿ ಮುದ್ರಿಸಲು ಒಂದು ಸಾದಾ ಮೊಬೈಲು. ಉಳಿದ ಹಣವೆಲ್ಲ ವಾರಕ್ಕೆ ಎರಡು ಪಾಠಕ್ಕೆ ಬರುವ ಶಿಕ್ಷಕರ ಸಂಭಾವನೆಗೆ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿದ್ಯಾಲಯ ವಾಶಿಯಲ್ಲೇ ಇದೆ. ಮಂಡಲದ ಪರೀಕ್ಷೆ ಪಾಸಾದವರು ನಮ್ಮ ಮನೆಗಳಲ್ಲೂ ಇದ್ದಾರು, ವಿಚಾರಿಸೋಣ. ಕಪಾಟಿನ ಕೀಲಿಕೈ ಶಿಕ್ಷಕರ ಕೈಯಲ್ಲಿರಲಿ, ಕಾರ್ಯಾಲಯದಲ್ಲಿ ಬೇಡ. ಈ ಶರತ್ತನ್ನು ಠರಾವಿನಲ್ಲಿ ಬರೆಯಿಸಬೇಕೆಂದು ನನ್ನ ಆಗ್ರಹ.

ಮತಕ್ಕೆ ಹಾಕುವ ಮೊದಲು, ಮಗಳ ಮನೆಯಿಂದ ಎರವಲು ತಂದ ಈ ತಂಬೂರಿಯನ್ನು ಹಚ್ಚುತ್ತೇನೆ. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಕೈ ಎತ್ತಿರಿ.