ಮಸ್ಕಾನ್ಯಿಯ ಕೈಯಲ್ಲಿ ಮಸ್ಕಾನ್ಯಿ: ರಚನಕಾರನ ಧ್ವನಿಮುದ್ರಣಕ್ಕೆ ಎಷ್ಟು ಅಧಿಕಾರ?



 ಯಾರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಆ ಮೇಷ್ಟ್ರು ಕರ್ನಾಟಕ ಸಂಗೀತದಲ್ಲಿ ಮುಳುಗಿದ್ದವರು. ಆದರೂ ಅವರ ಕಪಾಟಿನಲ್ಲಿ ಕಂಪನಿ ನಾಟಕದ ಪ್ಲೇಟುಗಳ ಪಕ್ಕದಲ್ಲೇ ಇಟಲಿಯ ಗಾಯಕರ ಪ್ಲೇಟುಗಳೂ ಇದ್ದವು. ಹಾಗಾಗಿ ಒಪೆರಾ ರಚನಕಾರನೊಬ್ಬನನ್ನು ಇಂದಿನ ವಿಷಯವಾಗಿ ಆರಿಸಿಕೊಂಡದ್ದಕ್ಕೆ ಅವರಿದ್ದಿದ್ದರೆ ಆಕ್ಷೇಪಿಸುತ್ತಿರಲಿಲ್ಲ ಎಂದುಕೊಂಡಿದ್ದೇನೆ. ನನ್ನ ತೀರ್ಮಾನಗಳನ್ನು ಆಕ್ಷೇಪಿಸುತ್ತಿದ್ದರೇನೋ. ಆ ಸಲುಗೆಯಲ್ಲೇ ಮಾತು ಶುರುಮಾಡುತ್ತೇನೆ.

ಬದುಕು: ಬೇಗ ಮುಗಿಸುವ ಭಾಗ

ಪಿಯೆತ್ರೊ ಮಸ್ಕಾನ್ಯಿ ಹುಟ್ಟಿದ್ದು 1863ರ ಡಿಸೆಂಬರ್ 7ರಂದು, ಲಿವೊರ್ನೊ ಎಂಬ ಬಂದರು ಪಟ್ಟಣದಲ್ಲಿ. ತಂದೆ ಬ್ರೆಡ್ ಸುಡುವ ಕಸುಬಿನವರು. ಮಗ ವಕೀಲನಾಗಲಿ ಎಂದು ಅವರ ಆಸೆ. ಮಿಲಾನಿನ ಸಂಗೀತಶಾಲೆಯಲ್ಲಿ ಪೊಂಕಿಯೆಲ್ಲಿ ಗುರು, ಪುಚ್ಚೀನಿ ಕೋಣೆಯ ಜೊತೆಗಾರ. ಅಲ್ಲಿಯ ಶಿಸ್ತು ಒಗ್ಗದೆ ಓದನ್ನು ಅರ್ಧಕ್ಕೇ ಬಿಟ್ಟು, ಊರೂರು ಸುತ್ತುವ ಆಪರೆಟ್ಟಾ ಕಂಪನಿಗಳ ವಾದ್ಯವೃಂದ ನಡೆಸುತ್ತ, ಕೊನೆಗೆ ದಕ್ಷಿಣದ ಚೆರಿನ್ಯೋಲಾದಲ್ಲಿ ಸಂಗೀತ ಹೇಳಿಕೊಡುತ್ತ ನೆಲೆಸಿದ. 1888ರಲ್ಲಿ ಪ್ರಕಾಶಕ ಸೊಂಜೋನ್ಯೊ ಏಕಾಂಕ ಒಪೆರಾಗಳಿಗೆ ಸ್ಪರ್ಧೆ ಸಾರಿದ. ಬಂದ 73 ಕೃತಿಗಳಲ್ಲಿ ಮೊದಲ ಬಹುಮಾನ ಪಡೆದದ್ದು ಮಸ್ಕಾನ್ಯಿಯ 'ಕವಲ್ಲೇರಿಯಾ ರುಸ್ತಿಕಾನಾ'. 1890ರ ಮೇ 17ರಂದು ರೋಮಿನ ಕೊಸ್ತಾಂಜಿ ರಂಗಮಂದಿರದಲ್ಲಿ ಲೆಯೊಪೋಲ್ದೊ ಮುನ್ಯೋನೆ ಅದನ್ನು ನಡೆಸಿಕೊಟ್ಟರು. ಇಪ್ಪತ್ತಾರರ ಹುಡುಗ ರಾತ್ರಿ ಬೆಳಗಾಗುವಷ್ಟರಲ್ಲಿ ಯುರೋಪಿಗೆಲ್ಲ ಗೊತ್ತಾದ. ಮೂಲ ಕಥೆಯ ಲೇಖಕ ಜೊವಾನಿ ವೆರ್ಗಾ ತನ್ನ ಪಾಲಿಗಾಗಿ ಕೋರ್ಟು ಹತ್ತಿ 1,43,000 ಲೀರಾ ಪಡೆದದ್ದು ಆ ಯಶಸ್ಸಿನ ಇನ್ನೊಂದು ಅಳತೆ.

ಆಮೇಲಿನದನ್ನು ಯಾವ ಕೋಶದಲ್ಲಾದರೂ ನೋಡಬಹುದು: 1891ರ 'ಲಾಮಿಕೊ ಫ್ರಿತ್ಸ್', ಜಪಾನನ್ನು ರಂಗಕ್ಕೆ ತಂದ 1898ರ 'ಈರಿಸ್', 1901ರ ಜನವರಿ 17ರಂದು ಆರು ನಗರಗಳಲ್ಲಿ ಒಂದೇ ರಾತ್ರಿ ತೆರೆ ಕಂಡು ಬಹುತೇಕ ಕಡೆ ನೆಲಕಚ್ಚಿದ 'ಲೆ ಮಾಸ್ಕೆರೆ', 1921ರ 'ಇಲ್ ಪಿಕ್ಕೊಲೊ ಮಾರಾ', ಮುಸೊಲಿನಿಯ ಕಾಲದ 1935ರ 'ನೆರೋನೆ'. ಫ್ಯಾಸಿಸ್ಟ್ ಸರ್ಕಾರ ಕೊಟ್ಟ ಮನ್ನಣೆಗಳನ್ನು ಆತ ಸಂತೋಷದಿಂದಲೇ ಸ್ವೀಕರಿಸಿದ. ಇದನ್ನು ಮುಚ್ಚಿಡುವ ಜೀವನಚಿತ್ರಗಳಿವೆ. ನನಗೆ ಆ ದಾಕ್ಷಿಣ್ಯವಿಲ್ಲ. 1945ರ ಆಗಸ್ಟ್ 2ರಂದು ರೋಮಿನ ಹೋಟೆಲೊಂದರಲ್ಲಿ ತೀರಿಕೊಂಡ. ಹದಿನೈದು ಒಪೆರಾ ಬರೆದವನನ್ನು ಲೋಕ ಒಂದೇ ಒಪೆರಾದಿಂದ ನೆನೆಯುತ್ತದೆ. ಅದು ಅನ್ಯಾಯವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ನನ್ನ ತಕರಾರು ಆ ಒಂದು ಒಪೆರಾದ ಬಗ್ಗೆಯೇ ಇದೆ.

1940ರ ಪ್ಲೇಟುಗಳು

'ಕವಲ್ಲೇರಿಯಾ'ದ ಐವತ್ತನೆಯ ವರ್ಷಕ್ಕೆಂದು 1940ರ ಏಪ್ರಿಲಿನಲ್ಲಿ ಮಿಲಾನಿನ ಲಾ ಸ್ಕಾಲಾದ ವಾದ್ಯವೃಂದ ಮತ್ತು ಮೇಳದೊಂದಿಗೆ ಇಡೀ ಕೃತಿಯನ್ನು ಮುದ್ರಿಸಿದರು. ಕೋಲು ಹಿಡಿದವನು ಎಪ್ಪತ್ತಾರರ ಮಸ್ಕಾನ್ಯಿಯೇ. ಕೊನೆಗೆ ಕೊಲೆಯಾಗುವ ನಾಯಕ ತುರಿದ್ದುವಾಗಿ ಬೆನಿಯಾಮಿನೊ ಜೀಲ್ಯಿ. ಒಪೆರಾ ತೆರೆ ಕಾಣುವ ಎರಡು ತಿಂಗಳ ಮೊದಲು ಹುಟ್ಟಿದ ಜೀಲ್ಯಿಗೂ ಆಗ ಐವತ್ತು. ಅವನು ಕೈಬಿಟ್ಟ ಸಾಂತುತ್ಸಾಳ ಪಾತ್ರಕ್ಕೆ ಮಸ್ಕಾನ್ಯಿ ತಾನೇ ಬಹಳವಾಗಿ ಮೆಚ್ಚಿದ್ದ ಲೀನಾ ಬ್ರೂನಾ ರಾಸಾ. ತುರಿದ್ದುವನ್ನು ಕೊಲ್ಲುವ ಆಲ್ಫಿಯೊ ಆಗಿ ಜೀನೊ ಬೆಕಿ. ತುರಿದ್ದುವಿನ ತಾಯಿ ಲುಚಿಯಾಳ ಸಣ್ಣ ಪಾತ್ರದಲ್ಲಿ ಇನ್ನೂ ಮೂವತ್ತು ತುಂಬದ ಜ್ಯೂಲಿಯೆತ್ತಾ ಸಿಮಿಯೊನಾತೊ. ಇದೇ ಸಿಮಿಯೊನಾತೊ ಇಪ್ಪತ್ತು ವರ್ಷದ ಮೇಲೆ, ಸೆರಫಿನ್ ನಡೆಸಿದ ಮುದ್ರಣದಲ್ಲಿ ಸಾಂತುತ್ಸಾ ಆದರು. ಸಂಗೀತಕ್ಕೆ ಮುಂಚೆ ಮಸ್ಕಾನ್ಯಿಯೇ ಕೇಳುಗರನ್ನು ಉದ್ದೇಶಿಸಿ ಆಡಿದ ಮಾತೂ ಇದೆ: ಮುದುಕನ ಗಂಟಲು, ಸಭೆಗಳಲ್ಲಿ ಪಳಗಿದವನ ಠೀವಿ. ಎರಡು ತಿಂಗಳೊಳಗೆ ಇಟಲಿ ಯುದ್ಧಕ್ಕಿಳಿಯಿತು.

ಇದೊಂದೇ ಅಲ್ಲ. 1938ರ ನವೆಂಬರಿನಲ್ಲಿ ಹೇಗ್ ನಗರದಲ್ಲಿ ಆತ ನಡೆಸಿದ 'ಕವಲ್ಲೇರಿಯಾ'ದ ರಂಗಪ್ರಯೋಗವೂ ಮುದ್ರಿತವಾಗಿ ಉಳಿದಿದೆ. ಸಾಂತುತ್ಸಾ ಅಲ್ಲೂ ಬ್ರೂನಾ ರಾಸಾ, ತುರಿದ್ದು ಮಾತ್ರ ಅಂತೋನಿಯೊ ಮೆಲಾಂದ್ರಿ. 1942ರಲ್ಲಿ ತೂರಿನ್‌ನಲ್ಲಿ ತಾಲ್ಯವೀನಿ ಮತ್ತು ಪಿಯಾ ತಸ್ಸಿನಾರಿ ಅವರೊಂದಿಗೆ 'ಲಾಮಿಕೊ ಫ್ರಿತ್ಸ್' ಮುದ್ರಿಸಿದ. ವೆರ್ದಿಯ ಕೈ ನಮಗೆ ಕೇಳಸಿಗುವುದಿಲ್ಲ, ಪುಚ್ಚೀನಿಯ ಕೈಯೂ ಇಲ್ಲ. ಎರಡು ಒಪೆರಾಗಳನ್ನು ಪೂರ್ತಿಯಾಗಿ ತಾನೇ ನಡೆಸಿ ಪ್ಲೇಟಿನ ಮೇಲೆ ಬಿಟ್ಟುಹೋದ ಆ ಪೀಳಿಗೆಯ ಇಟಾಲಿಯನ್ ಮಸ್ಕಾನ್ಯಿ. ನನ್ನ ವಾದಕ್ಕೆ ಇದೇ ಬುನಾದಿ.

ನಿಧಾನದ ಜಗಳ

1940ರ ಮುದ್ರಣ ನಿಧಾನ. ಗಡಿಯಾರ ಬೇಕಾಗಿಲ್ಲ; ಒಂದೂಕಾಲು ಗಂಟೆಯ ಈ ಕೃತಿಯನ್ನು ಬೇರೆ ಯಾರ ಕೈಯಲ್ಲಿ ಕೇಳಿ ಬಂದವರಿಗೂ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಏಕೆ ಇಷ್ಟು ನಿಧಾನ ಎಂಬುದಕ್ಕೆ ಮೂರು ಉತ್ತರಗಳು ಚಾಲ್ತಿಯಲ್ಲಿವೆ. ಮೂರೂ ನನಗೆ ಒಪ್ಪಿಗೆಯಿಲ್ಲ.

ಮೊದಲನೆಯದು ಪ್ಲೇಟಿನ ಮೇಲೆ ಹೊರಿಸುವ ತಪ್ಪು. 78ರ ಪ್ಲೇಟಿನ ಒಂದು ಮುಖಕ್ಕೆ ನಾಲ್ಕು ನಿಮಿಷ ಚಿಲ್ಲರೆ; ಇಡೀ ಒಪೆರಾವನ್ನು ಇಪ್ಪತ್ತರ ಆಸುಪಾಸು ತುಂಡು ಮಾಡಬೇಕಿತ್ತು; ಹಾಗೆ ತುಂಡುತುಂಡಾಗಿ ನುಡಿಸುವಾಗ ಓಟ ಸತ್ತಿತು ಎನ್ನುತ್ತಾರೆ. ಇದು ಪ್ಲೇಟಿನ ಮೇಲೆ ಹಾಡಿಸಿದವರ ಅನುಭವಕ್ಕೇ ವಿರುದ್ಧ. ನಮ್ಮ ಗಾಯಕರು ಮೂರು ನಿಮಿಷದ ಪ್ಲೇಟಿಗೆಂದು ಆಲಾಪ ಮೊಟಕಿ, ಕಾಲ ಏರಿಸಿ, ಕೊನೆಯ ಸಂಗತಿಯನ್ನು ಓಡಿಸಿಕೊಂಡು ಹಾಡಿದ್ದನ್ನು ಮೇಷ್ಟ್ರ ಪೀಳಿಗೆಯ ಕೇಳುಗರು ಚೆನ್ನಾಗಿ ಬಲ್ಲರು. ಪ್ಲೇಟು ಅವಸರಪಡಿಸುತ್ತದೆ, ತಡಮಾಡಿಸುವುದಿಲ್ಲ. ಜಾಗ ಸಾಲದ ಕಡೆ ಯಾರಾದರೂ ಕಾಲು ಚಾಚಿ ಮಲಗಿದರೆ ಅದು ಅವರ ಇಷ್ಟವೇ ಇರಬೇಕು.

ಎರಡನೆಯದು ಮುಪ್ಪಿನ ವಾದ: ಎಪ್ಪತ್ತಾರರ ಕೈ ಜಗ್ಗಿತು, ಅಷ್ಟೆ. ಕೇಳಲು ಸಹಜವೆನಿಸುವುದರಿಂದ ಇದನ್ನು ಯಾರೂ ಪರೀಕ್ಷಿಸುವುದಿಲ್ಲ. 1960ರಲ್ಲಿ ಇದೇ ಒಪೆರಾವನ್ನು ಮುದ್ರಿಸಿದಾಗ ಸೆರಫಿನ್ ಎಂಬತ್ತು ದಾಟಿದ್ದರು; ಅಲ್ಲಿ ಈ ಭಾರವಿಲ್ಲ. 1965ರಲ್ಲಿ ಕರಾಯನ್ ಲಾ ಸ್ಕಾಲಾದಲ್ಲಿ ಮುದ್ರಿಸಿದ 'ಕವಲ್ಲೇರಿಯಾ' ವಿಸ್ತಾರವಾದ ಕಾಲಪ್ರಮಾಣಕ್ಕೇ ಹೆಸರಾದದ್ದು. ಆಗ ಅವರಿಗೆ ಐವತ್ತೇಳು. ವಯಸ್ಸು ಹೇಳಿ ಓಟವನ್ನು ಊಹಿಸಲು ಹೊರಟವರು ಈ ಎರಡು ಕಡೆಯೂ ಸೋಲುತ್ತಾರೆ. ಮುಪ್ಪಿನ ವಾದಕ್ಕೆ ಇನ್ನೊಂದು ದೋಷವಿದೆ: ಅದು ಕೇಳುವ ಕೆಲಸವನ್ನೇ ತಪ್ಪಿಸುತ್ತದೆ. ಮುದುಕ ಎಂದ ಮೇಲೆ ಆತ ಎಲ್ಲಿ ತಡೆದ, ಎಲ್ಲಿ ಬಿಟ್ಟ ಎಂದು ಯಾರು ಗಮನಿಸುತ್ತಾರೆ?

ಮೂರನೆಯದು ಭಕ್ತರ ವಾದ. ಬರೆದವನೇ ಹೀಗೆ ನಡೆಸಿದ, ಆದ್ದರಿಂದ ಇದೇ ಸರಿಯಾದ ಕಾಲಪ್ರಮಾಣ, ಉಳಿದವರೆಲ್ಲ ಕೃತಿಯನ್ನು ಓಡಿಸಿ ಕೆಡಿಸಿದರು. ಮೂರರಲ್ಲಿ ಹೆಚ್ಚು ಅಪಾಯಕಾರಿ ಇದು. ಹೇಗ್‌ನ ಪ್ರಯೋಗದಲ್ಲೂ ಅದೇ ಕೈ, ಅದೇ ಸಾಂತುತ್ಸಾ. ಆದರೆ ಎದುರಿಗೆ ಜನ, ಪಕ್ಕದಲ್ಲಿ ಬೇರೆ ತುರಿದ್ದು. ಎರಡು ಪ್ರಯೋಗಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವಲ್ಲ. ಹಾಗಾದರೆ ಯಾವುದು ಸರಿ? 'ಬರೆದವನ ಕೈ' ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಐವತ್ತು ವರ್ಷ, ನೂರಾರು ರಾತ್ರಿ, ಹತ್ತಾರು ಗಾಯಕರ ನಡುವೆ ಬದಲಾಗುತ್ತ ಬಂದ ಕೈ. ಅದರ ಒಂದು ವಾರದ ಕೆಲಸ ಮೇಣದ ಮೇಲೆ ಉಳಿಯಿತೆಂದು ಉಳಿದೆಲ್ಲ ರಾತ್ರಿಗಳನ್ನು ರದ್ದು ಮಾಡಲಾಗದು.

ಇನ್ನೊಂದು ತುದಿ: ಮೂಲ ಹಸ್ತಪ್ರತಿ

ಈಚೆಗೆ ವಾದ ಇನ್ನೊಂದು ತುದಿಗೆ ಜಿಗಿದಿದೆ. ರೋಮಿನ ಮೊದಲ ಪ್ರಯೋಗಕ್ಕೆ ಮುನ್ನ ಕೆಲವು ಭಾಗಗಳನ್ನು ಕತ್ತರಿಸಿದ್ದರು, ಕೆಲವನ್ನು ಹಾಡುವವರ ಅನುಕೂಲಕ್ಕೆ ಶ್ರುತಿ ಇಳಿಸಿದ್ದರು. ಜಗತ್ತು ನೂರು ವರ್ಷಕ್ಕೂ ಹೆಚ್ಚು ಕಾಲ ಕೇಳಿದ್ದು ಆ ತಿದ್ದಿದ ಪಾಠವನ್ನೇ. ಆಂಡ್ರಿಯಾಸ್ ಗೀಗರ್ ಸಂಪಾದಿಸಿ ಬೇರೆನ್‌ರೈಟರ್ ಪ್ರಕಟಿಸಿದ ಪರಿಷ್ಕೃತ ಆವೃತ್ತಿ ಈ ಬದಲಾವಣೆಗಳನ್ನು ಬಿಡಿಸಿ ತೋರಿಸಿತು. ತೋಮಾಸ್ ಹೆಂಗೆಲ್‌ಬ್ರೋಕ್ 2022ರಲ್ಲಿ ಬಾಡೆನ್-ಬಾಡೆನ್‌ನಲ್ಲಿ ಆ ಕಾಲದ ವಾದ್ಯಗಳೊಂದಿಗೆ ಮೂಲರೂಪವನ್ನು ನುಡಿಸಿ, ಮುದ್ರಣವನ್ನೂ ತಂದರು.

ಸಂಪಾದಕರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ 'ಇದೇ ನಿಜವಾದ ಕವಲ್ಲೇರಿಯಾ' ಎಂದು ಸಾರುವವರಿಗೆ ಒಂದು ಪ್ರಶ್ನೆ. ಮಸ್ಕಾನ್ಯಿ ಮೊದಲ ಪ್ರಯೋಗದ ನಂತರ ಐವತ್ತೈದು ವರ್ಷ ಬದುಕಿದ. ಆತನಿಗೆ ಹೆಸರಿತ್ತು, ಪ್ರಭಾವವಿತ್ತು, ಸ್ವತಃ ಕೋಲು ಹಿಡಿಯುವ ಅಧಿಕಾರವಿತ್ತು. ಮನಸ್ಸು ಮಾಡಿದ್ದರೆ ಕತ್ತರಿಸಿದ್ದನ್ನು ಯಾವತ್ತಾದರೂ ಮರಳಿ ಸೇರಿಸಬಹುದಿತ್ತು. ಕೃತಿಯ ಚಿನ್ನದ ಹಬ್ಬಕ್ಕೆ ಪ್ಲೇಟು ಮಾಡುವಾಗಲೂ ಆತ ನಡೆಸಿದ್ದು ರಂಗದಲ್ಲಿ ಬಳಕೆಯಾದ ಪಾಠವನ್ನೇ. ತಾಲೀಮಿನ ಒತ್ತಡದಲ್ಲಿ ಆದ ಬದಲಾವಣೆಯೆಲ್ಲ ಬಲಾತ್ಕಾರವಲ್ಲ. ರಂಗಭೂಮಿಯಲ್ಲಿ ಬೆಳೆದವರಿಗೆ ಗೊತ್ತು, ತಾಲೀಮಿನಲ್ಲಿ ಬಿದ್ದದ್ದು ಎಷ್ಟೋ ಸಲ ಬೀಳಬೇಕಾದದ್ದೇ.

ಗಮನಿಸಿ: 1940ರ ಭಕ್ತರೂ ಮೂಲ ಹಸ್ತಪ್ರತಿಯ ಭಕ್ತರೂ ಪರಸ್ಪರ ಮುಖ ನೋಡುವುದಿಲ್ಲ, ಆದರೆ ಇಬ್ಬರ ಹಟವೂ ಒಂದೇ. ಎಲ್ಲೋ ಒಂದು ಕಡೆ ರಚನಕಾರನ ಅಂತಿಮ ಇಚ್ಛೆ ಬೀಗಮುದ್ರೆಯೊಳಗಿದೆ, ಅದನ್ನು ಒಡೆದರೆ ವಿವಾದ ಮುಗಿಯುತ್ತದೆ ಎಂದು ಇಬ್ಬರೂ ನಂಬಿದ್ದಾರೆ.

ನನ್ನ ಕಿವಿಗೆ ಕೇಳಿದ್ದು

ಹಾಗಾದರೆ 1940ರ ಮುದ್ರಣದಿಂದ ಪ್ರಯೋಜನವೇನು? ಬಹಳ ಇದೆ. ಎಷ್ಟು ನಿಧಾನ ಎಂದು ಅಳೆಯುವುದನ್ನು ಬಿಟ್ಟು ಎಲ್ಲಿ ನಿಧಾನ ಎಂದು ಕೇಳಬೇಕು.

'ಕವಲ್ಲೇರಿಯಾ'ವನ್ನು ನಾವು ಹಾದರ, ಹೊಟ್ಟೆಕಿಚ್ಚು, ಚೂರಿಯ ಒಪೆರಾ ಎಂದು ಪಾಠ ಹೇಳುತ್ತೇವೆ. ವೆರ್ಗಾನ ಕಥೆ ಅಂಥದ್ದೇ: ಕೆಲವೇ ಪುಟ, ಒಣ ಗದ್ಯ, ಕೊನೆಗೆ ರಕ್ತ. ಆದರೆ ಒಪೆರಾದ ಸ್ವರಲಿಪಿ ಬಿಚ್ಚಿ ನೋಡಿ. ಅದರಲ್ಲಿ ದೊಡ್ಡ ಪಾಲು ಈಸ್ಟರ್ ಬೆಳಗಿನದು: ಗಂಟೆ, ಹೊಲದಿಂದ ಬರುವ ಹೆಂಗಸರು ಗಂಡಸರು, ಚರ್ಚಿನೊಳಗಿನ ಆರ್ಗನ್, ಪ್ರಾರ್ಥನೆ. ದ್ವಂದ್ವಯುದ್ಧ ರಂಗದ ಮೇಲೆ ನಡೆಯುವುದೇ ಇಲ್ಲ. ಸಾವಿನ ಸುದ್ದಿಯನ್ನು ಹೆಂಗಸೊಬ್ಬಳು ಹಾಡದೆ ಕೂಗಿ ಹೇಳುತ್ತಾಳೆ, ತೆರೆ ಬೀಳುತ್ತದೆ. ಕೊಲೆಗೆ ಸಂಗೀತ ಕೊಡದವನು ಹಬ್ಬಕ್ಕೆ ಇಷ್ಟು ಸಂಗೀತ ಕೊಟ್ಟಿದ್ದಾನೆ.

1940ರ ಮುದ್ರಣದಲ್ಲಿ ಮಸ್ಕಾನ್ಯಿಯ ಕೈ ಭಾರವಾಗುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ ಎಂದು ನನ್ನ ಕಿವಿ ಹೇಳುತ್ತದೆ. ಈಸ್ಟರ್ ಪ್ರಾರ್ಥನೆಯನ್ನೇ ತೆಗೆದುಕೊಳ್ಳಿ. ಒಳಗೆ ಪೂಜೆ ನಡೆಯುತ್ತಿದೆ. ತಾನು ಪಾಪಿಯೆಂದು ಸಾಂತುತ್ಸಾ ಒಳಗೆ ಕಾಲಿಡಲಾರಳು. ಹೊರಗೆ ಚೌಕದಲ್ಲಿ ನಿಂತೇ ಊರವರೊಂದಿಗೆ ದನಿ ಎತ್ತುತ್ತಾಳೆ. ಬೇರೆಯವರು ಇದನ್ನು ಉತ್ಕರ್ಷಕ್ಕೆ ಏರುವ ಮೆಟ್ಟಿಲಾಗಿ ಬಳಸಿ ಮುಂದೆ ಓಡುತ್ತಾರೆ. ಮಸ್ಕಾನ್ಯಿ ಓಡುವುದಿಲ್ಲ, ಮೇಳದ ಒಂದೊಂದು ಸಾಲಿಗೂ ಉಸಿರು ತೆಗೆದುಕೊಳ್ಳಲು ಬಿಡುತ್ತಾನೆ, ಬ್ರೂನಾ ರಾಸಾಳ ದನಿ ಅದರ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಎಲ್ಲರ ಜೊತೆ ಹಾಡಿಯೂ ಎಲ್ಲರಿಂದ ಹೊರಗಿರುವವಳ ಪಾಡು ಇಷ್ಟು ಸ್ಪಷ್ಟವಾಗಿ ನನಗೆ ಬೇರೆ ಮುದ್ರಣದಲ್ಲಿ ಕೇಳಿಲ್ಲ.

ಇನ್ನು ಪ್ರಸಿದ್ಧ ಇಂಟರ್‌ಮೆಟ್ಸೊ, ಎಂದರೆ ನಡುವೆ ಬರುವ ವಾದ್ಯಸಂಗೀತ. 'ರೇಜಿಂಗ್ ಬುಲ್', 'ಗಾಡ್‌ಫಾದರ್' ಮೂರನೆಯ ಭಾಗದ ಮೂಲಕ ಸಿನಿಮಾ ನೋಡುವವರಿಗೂ ಅದು ಪರಿಚಿತ. ಅಲ್ಲಿಂದ ಅದಕ್ಕೆ ಅಂಟಿಕೊಂಡ ಸಿಹಿ ವಿಷಾದವನ್ನು ಸ್ವಲ್ಪ ಬದಿಗಿಡಿ. ಒಪೆರಾದಲ್ಲಿ ಅದು ಬರುವುದು ಆಲ್ಫಿಯೊ ಸೇಡಿನ ಶಪಥ ಮಾಡಿದ ಕೂಡಲೇ. ರಂಗ ಖಾಲಿ, ಊರೆಲ್ಲ ಚರ್ಚಿನೊಳಗೆ. ಸಾಯುವವನೂ ಒಳಗೇ ಇದ್ದಾನೆ. ಮಸ್ಕಾನ್ಯಿಯ ನಿಧಾನದಲ್ಲಿ ಈ ಸಂಗೀತ ಮಧುರ ವಿರಾಮವಾಗುವುದಿಲ್ಲ. ಊರು ಇನ್ನೂ ತಿಳಿಯದ ಸಂಗತಿಯೊಂದನ್ನು ಕೇಳುಗನೊಬ್ಬನೇ ಹೊತ್ತು ಕೂರುವ ಹೊತ್ತಾಗುತ್ತದೆ.

ಇದರಿಂದ ನಾನು ತಲುಪುವ ತೀರ್ಮಾನ ಇಷ್ಟು: ಈ ನಿಧಾನ ದೌರ್ಬಲ್ಯವಲ್ಲ, ಕಾನೂನೂ ಅಲ್ಲ. ಇದು ಮಸ್ಕಾನ್ಯಿ ತನ್ನ ಕೃತಿಯ ಮೇಲೆ ಬರೆದ ವ್ಯಾಖ್ಯಾನ. ಇಪ್ಪತ್ತೈದರಲ್ಲಿ ಬಹುಮಾನಕ್ಕಾಗಿ ಬಿಗಿಯಾಗಿ ಹೆಣೆದದ್ದನ್ನು ಎಪ್ಪತ್ತಾರರಲ್ಲಿ ಆತ ಹಬ್ಬದ ಬೆಳಗಾಗಿ ಓದಿದ. ವ್ಯಾಖ್ಯಾನಕಾರ ಮೂಲಕಾರನೇ ಆಗಿದ್ದರೆ ಆತನ ಮಾತಿಗೆ ಕಿವಿ ಹೆಚ್ಚು ತೆರೆದಿಡಬೇಕು, ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಅದರಲ್ಲಿ ಜಂಬವೂ ಇದೆ: ತನ್ನ ಸ್ಮಾರಕಕ್ಕೆ ತಾನೇ ಪೂಜೆ ಮಾಡುವವನ ಗತ್ತು ತುರಿದ್ದುವಿನ ಪಾನಗೀತೆಯಂಥ ಹಗುರ ಜಾಗಗಳಲ್ಲಿ ಕೃತಿಯನ್ನು ತೊಡಕಿಸುತ್ತದೆ. ಅಲ್ಲಿ ನಾನು ಸೆರಫಿನ್ ಪಕ್ಷ.

ಕೊನೆಯ ಮಾತು

ಒಂದು ಕೃತಿಯ ಎರಡು ಪ್ಲೇಟು ಸಿಕ್ಕರೆ ಯಾವುದು ಮೇಲು ಎಂದು ಕೇಳುವ ಮೊದಲು ಎಲ್ಲಿ ಬೇರೆ ಎಂದು ಕೇಳಬೇಕು ಎಂಬುದು ಮೇಷ್ಟ್ರು ಶಿಷ್ಯರಿಗೆ ಹೇಳುತ್ತಿದ್ದ ಮಾತಂತೆ. ಅದನ್ನೇ ನಾನು ಇಲ್ಲಿಯ ಯುವ ಕೇಳುಗರಿಗೆ ಒಪ್ಪಿಸುತ್ತೇನೆ. ಮೊದಲು ಸೆರಫಿನ್ ಮುದ್ರಣ ಕೇಳಿ, ಕಥೆ ಕೈಗೆ ಹತ್ತುತ್ತದೆ. ಆಮೇಲೆ 1940ರದನ್ನು ಕೇಳಿ. ಕೊನೆಗೆ ಹೆಂಗೆಲ್‌ಬ್ರೋಕ್. ಮೂರೂ ಆದ ಮೇಲೆ ನನ್ನ ತೀರ್ಮಾನ ತಪ್ಪೆನಿಸಿದರೆ ಮುಂದಿನ ವರ್ಷ ಇದೇ ವೇದಿಕೆಯಿಂದ ಖಂಡಿಸಿ. ಖಂಡನೆಗೆ ಸಿಗದ ಉಪನ್ಯಾಸವನ್ನು ಪುಸ್ತಿಕೆಯಾಗಿ ಅಚ್ಚು ಹಾಕಿ ಫಲವಿಲ್ಲ.