ಹಳೇ ಚೀಟಿ, ಹೊಸ ಸರ್ವರ್: ಒಂದು ಸಾಲು ಅಳಿಸಿ ಹಾಕಿದ ಒಂದು ದಿನದ ಲೆಕ್ಕ

(ಪಾಡ್‌ಕಾಸ್ಟ್‌ನ ಅಕ್ಷರರೂಪ)

 

ಇವತ್ತು ನಾನೇ ಮಾಡಿದ ಒಂದು ತಪ್ಪಿನ ಕತೆ ಹೇಳ್ತೀನಿ. ಕತೆ ಡೇಟಾಬೇಸ್ ಸರ್ವರ್‌ದು. ಆದರೆ ಕೋಡ್ ಬರೆಯದವರೂ ಕೇಳಿ, ಯಾಕಂದ್ರೆ ತಪ್ಪಿದ್ದು ಕೋಡ್‌ನಲ್ಲಿ ಅಲ್ಲ. ನಾಲ್ಕು ಸಾಲಿನ ಒಂದು ಚೀಟಿಯಲ್ಲಿ. 'ಅಪ್‌ಗ್ರೇಡ್ ಮಾಡುವ ವಿಧಾನ' ಅಂತ ಯಾರೋ ಬರೆದಿಟ್ಟ ಚೀಟಿ.

ಮೊದಲು ಸ್ವಲ್ಪ ಹಿನ್ನೆಲೆ. ನಿಮ್ಮ ಫೋನಲ್ಲಿ ವಾಟ್ಸಾಪ್ ಅಪ್‌ಡೇಟ್ ಆದಾಗ ಹಳೇ ಚಾಟ್ ಎಲ್ಲ ಹಾಗೇ ಇರುತ್ತೆ. ನೀವು ಏನೂ ಮಾಡಬೇಕಿಲ್ಲ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿ ಸಣ್ಣ ಅಪ್‌ಡೇಟ್‌ಗಳು ಹಾಗೇ ಆಗುತ್ತವೆ. 14.5 ಇಂದ 14.6ಕ್ಕೆ ಹೋಗೋದಾದ್ರೆ ಪ್ರೋಗ್ರಾಂ ಮಾತ್ರ ಬದಲಾಗುತ್ತೆ, ಸರ್ವರ್ ಒಂದು ಸಲ ರೀಸ್ಟಾರ್ಟ್ ಆಗುತ್ತೆ, ಮುಗೀತು. ಆದರೆ 12 ಇಂದ 14ಕ್ಕೆ ಹೋಗೋದು ಬೇರೆ ವಿಷಯ. ದೊಡ್ಡ ಆವೃತ್ತಿ ಬದಲಾದಾಗ ಡಿಸ್ಕ್ ಮೇಲೆ ಡೇಟಾ ಇಡುವ ರೀತಿಯೇ ಬದಲಾಗಬಹುದು. ಹಾಗಾಗಿ ಹಳೇ ಫೋಲ್ಡರನ್ನ ಹೊಸ ಪ್ರೋಗ್ರಾಂ ಮುಂದೆ ಇಟ್ಟರೆ ಅದು 'ಇದು ನನ್ನದಲ್ಲ' ಅಂತ ಹೇಳಿ ಶುರುವಾಗೋದೇ ಇಲ್ಲ. ಡೇಟಾವನ್ನ ನಾವೇ ಸಾಗಿಸಬೇಕು.

ಸಾಗಿಸದೆ ಸುಮ್ಮನೆ ಇರೋಣ ಅಂದ್ರೆ ಅದೂ ಆಗಲ್ಲ. ಒಂದೊಂದು ದೊಡ್ಡ ಆವೃತ್ತಿಗೆ ಐದು ವರ್ಷ ಮಾತ್ರ ಸೆಕ್ಯುರಿಟಿ ರಿಪೇರಿ ಸಿಗುತ್ತೆ. 12ನೇ ಆವೃತ್ತಿಯ ಕೊನೇ ರಿಪೇರಿ ಬಂದದ್ದು 2024ರ ನವೆಂಬರ್‌ನಲ್ಲಿ. ಆಮೇಲೆ ನಿಮ್ಮ ಪಾಡಿಗೆ ನೀವು.

ಈಗ ಡೆಬಿಯನ್, ಉಬುಂಟು ಇವು ಏನು ಮಾಡುತ್ತವೆ ನೋಡಿ. ಇವುಗಳಲ್ಲಿ ಪೋಸ್ಟ್‌ಗ್ರೆಸ್ ರೆಡಿ ಪ್ಯಾಕೇಜ್ ಆಗಿ ಬರುತ್ತೆ. ಹಳೇ ಆವೃತ್ತಿ, ಹೊಸ ಆವೃತ್ತಿ ಎರಡೂ ಒಂದೇ ಮಶೀನಲ್ಲಿ ಅಕ್ಕಪಕ್ಕ ಇರಬಹುದು. ಒಂದೊಂದರ ಡೇಟಾಗೂ 'ಕ್ಲಸ್ಟರ್' ಅಂತ ಹೆಸರು. ಹೊಸ ಆವೃತ್ತಿ ಇನ್‌ಸ್ಟಾಲ್ ಆದ ತಕ್ಷಣ ಪ್ಯಾಕೇಜ್ ತಾನಾಗೇ 'ಮೇನ್' ಅನ್ನೋ ಹೆಸರಲ್ಲಿ ಒಂದು ಖಾಲಿ ಕ್ಲಸ್ಟರ್ ಮಾಡಿಡುತ್ತೆ. ಅಂದ್ರೆ ನೀವು ಬಾಡಿಗೆಗೆ ಇರೋ ಮನೆ ಪಕ್ಕದಲ್ಲೇ ಒಂದು ಖಾಲಿ ಮನೆ ಎದ್ದಂಗೆ. ಹಳೇ ಮನೆ 5432ನೇ ಪೋರ್ಟ್‌ನಲ್ಲಿ, ಹೊಸದು 5433ರಲ್ಲಿ.

ತೊಂದರೆ ಇರೋದು ಇಲ್ಲೇ. ಡೇಟಾ ಸಾಗಿಸೋಕೆ ಇರೋ ಕಮಾಂಡ್ ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್. ಹೊಸ ಮನೆಯನ್ನ ಅದೇ ಕಟ್ಟಬೇಕು. ಆಗಲೇ ಒಂದು ಎದ್ದಿದ್ದರೆ 'ಜಾಗ ಖಾಲಿ ಇಲ್ಲ' ಅಂತ ನಿಂತುಬಿಡುತ್ತೆ. ಹಾಗಾಗಿ ಮೊದಲು ಆ ಖಾಲಿ ಕ್ಲಸ್ಟರನ್ನ ಕೆಡವಬೇಕು. ಅದಕ್ಕೆ ಇರೋದು ಪಿಜಿ-ಡ್ರಾಪ್‌ಕ್ಲಸ್ಟರ್. ಈ ಕಮಾಂಡ್ 'ಖಂಡಿತಾನಾ?' ಅಂತ ಕೇಳಲ್ಲ. ಹೇಳಿದ್ದನ್ನ ಕೆಡವಿ ಸುಮ್ಮನಾಗುತ್ತೆ.

ಈಗ ನನ್ನ ಕತೆ. ನಾನು ಒಂದು ಸಣ್ಣ ಆಫೀಸಲ್ಲಿ ಕೆಲಸಕ್ಕಿದ್ದೆ. ಹೋಲ್‌ಸೇಲ್ ಔಷಧಿ ಅಂಗಡಿಯೊಂದರ ಬಿಲ್ಲಿಂಗ್ ಸರ್ವರ್ ನಮ್ಮ ಜವಾಬ್ದಾರಿ. 2022ರ ಕೊನೆಗೆ ಉಬುಂಟು 20.04 ಇಂದ 22.04ಕ್ಕೆ ಏರಿಸಬೇಕಿತ್ತು. ಶನಿವಾರ ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚಿದ ಮೇಲೆ ಕೂತೆ. ಉಬುಂಟು ಸಲೀಸಾಗಿ ಏರಿತು. ಆಮೇಲೆ ಡೇಟಾಬೇಸ್. ನನ್ನ ಹತ್ರ ಒಂದು ಚೀಟಿ ಇತ್ತು. ಕೆಲಸ ಬಿಟ್ಟು ಹೋಗಿದ್ದ ಒಬ್ಬ ಸೀನಿಯರ್ 2020ರಲ್ಲಿ ಬರೆದದ್ದು. ಆ ವರ್ಷ ಅವರು 18.04 ಇಂದ 20.04ಕ್ಕೆ ಏರಿಸಿದ್ದರು, ಅಂದ್ರೆ ಪೋಸ್ಟ್‌ಗ್ರೆಸ್ 10 ಇಂದ 12ಕ್ಕೆ. ಚೀಟಿಯನ್ನ ಹಾಗೇ ಓದಿ ಹೇಳ್ತೀನಿ:

ಒಂದು, ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ.
ಎರಡು, ಪಿಜಿ-ಡ್ರಾಪ್‌ಕ್ಲಸ್ಟರ್, ಸ್ಟಾಪ್, 12, ಮೇನ್.
ಮೂರು, ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್, 10, ಮೇನ್.
ನಾಲ್ಕು, ಪಿಜಿ-ಡ್ರಾಪ್‌ಕ್ಲಸ್ಟರ್, 10, ಮೇನ್.

ಕೆಲವರಿಗೆ ಆಗಲೇ ಗೊತ್ತಾಗಿರುತ್ತೆ. 2020ರಲ್ಲಿ 12 ಅಂದ್ರೆ ಆಗಷ್ಟೇ ಎದ್ದ ಖಾಲಿ ಮನೆ. 2022ರಲ್ಲಿ 12 ಅಂದ್ರೆ ಎರಡು ವರ್ಷದ ಬಿಲ್ಲು, ಸ್ಟಾಕು, ಸಾಲದ ಲೆಕ್ಕ ಎಲ್ಲ ತುಂಬಿರೋ ಮನೆ. ಖಾಲಿ ಇದ್ದದ್ದು 14. ಚೀಟಿಯಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಅದರ ಅರ್ಥ ಮಾತ್ರ ಉಲ್ಟಾ ಆಗಿತ್ತು.

ನಾನು ಎರಡನೇ ಸಾಲು ಕಾಪಿ ಮಾಡಿ ಎಂಟರ್ ಒತ್ತಿದೆ. ಏನೂ ಎರರ್ ಬರಲಿಲ್ಲ, ಖುಷಿಯಾಯ್ತು. ಮೂರನೇ ಸಾಲು ಹಾಕಿದಾಗ 'ಹಾಗೊಂದು ಕ್ಲಸ್ಟರ್ ಇಲ್ಲ' ಅಂತ ಬಂತು. 10 ಯಾಕಿಲ್ಲ ಅಂತ ಯೋಚನೆ ಮಾಡ್ತಾ ಕೂತಾಗ ಹೊಟ್ಟೆಯೊಳಗೆ ತಣ್ಣಗಾಯ್ತು.

ಬ್ಯಾಕಪ್ ಇತ್ತು, ಪುಣ್ಯ. ಆದರೆ ಅದು ಬೆಳಗಿನ ಜಾವ ಎರಡು ಗಂಟೆಯದು. ಅಂದ್ರೆ ಶನಿವಾರ ಇಡೀ ದಿನದ ವ್ಯಾಪಾರ ಹೋಯ್ತು. ಅಂಗಡಿ ಯಜಮಾನರಿಗೆ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಬೈಯೋದು ಆಮೇಲೆ ಇರಲಿ ಕಣಪ್ಪ, ಬಿಲ್ಲಿನ ಕಾಪಿ ಎಲ್ಲ ಡ್ರಾಯರಲ್ಲಿದೆ, ಬೆಳಿಗ್ಗೆ ಬಾ' ಅಂದರು. ಭಾನುವಾರ ನಾನು, ಅಂಗಡಿಯ ಇಬ್ಬರು ಹುಡುಗರು ಕೂತು ಒಂದೊಂದೇ ಬಿಲ್ ಮತ್ತೆ ಹೊಡೆದ್ವಿ. ಆ ಹುಡುಗರಿಗೆ ಅವತ್ತು ರಜೆ ಇತ್ತು. ಅದು ನನಗೆ ಇವತ್ತಿಗೂ ಚುಚ್ಚುತ್ತೆ.

ತಪ್ಪು ನನ್ನದೇ. ಓದದೆ ಒತ್ತಿದ್ದು ನಾನು. ಆದರೆ 'ಹುಷಾರಾಗಿರಬೇಕಿತ್ತು' ಅಂತ ಹೇಳಿ ಮುಗಿಸಿದರೆ ಮುಂದಿನವರಿಗೆ ಏನೂ ಉಪಯೋಗ ಇಲ್ಲ. ರಾತ್ರಿ ಒಂಬತ್ತು ಗಂಟೆಗೆ ಸುಸ್ತಾಗಿ ಕೂತಿರೋ ಮನುಷ್ಯನೇ ಚೀಟಿ ಓದೋದು. ಅವನಿಗೋಸ್ಕರವೇ ಅದನ್ನ ಬರೀಬೇಕು. ಸೋಮವಾರ ನಾನು ಆ ಚೀಟಿಯನ್ನ ಮತ್ತೆ ಬರೆದೆ. ಹೇಗೆ ಅಂತ ಹೇಳ್ತೀನಿ.

ಮೊದಲನೇದು, ತಲೆಬರಹ. ಯಾವ ಉಬುಂಟು ಇಂದ ಯಾವುದಕ್ಕೆ, ಯಾವ ಪೋಸ್ಟ್‌ಗ್ರೆಸ್ ಇಂದ ಯಾವುದಕ್ಕೆ, ಬರೆದ ದಿನಾಂಕ. ಕೆಳಗೆ ಒಂದು ಸಾಲು: 'ನಿಮ್ಮ ಮಶೀನಲ್ಲಿ ಬೇರೆ ಸಂಖ್ಯೆ ಕಂಡರೆ ಇಲ್ಲೇ ನಿಲ್ಲಿಸಿ.'

ಎರಡನೇದು, ಸಂಖ್ಯೆಗಳನ್ನ ಕಮಾಂಡ್ ಒಳಗೆ ಬರೀಬೇಡಿ. ಮೇಲೆ ಒಂದೇ ಕಡೆ 'ಹಳೇದು ಇಷ್ಟು, ಹೊಸದು ಇಷ್ಟು' ಅಂತ ಬರೆದು, ಕೆಳಗೆಲ್ಲ 'ಹಳೇದು', 'ಹೊಸದು' ಅನ್ನೋ ಹೆಸರನ್ನೇ ಬಳಸಿ. 'ಹೊಸದನ್ನ ಕೆಡವಿ' ಅಂತ ಓದಿದಾಗ ತಲೆ ಕೆಲಸ ಮಾಡುತ್ತೆ. '12ನ್ನ ಕೆಡವಿ' ಅಂದಾಗ ಕೈ ಮಾತ್ರ ಕೆಲಸ ಮಾಡುತ್ತೆ.

ತಮಾಷೆ ಏನು ಗೊತ್ತಾ? ಡೆಬಿಯನ್ ಪ್ಯಾಕೇಜ್ ಇದನ್ನ ಸರಿಯಾಗೇ ಮಾಡುತ್ತೆ. ಹಳೇ ಆವೃತ್ತಿಯ ಅವಧಿ ಮುಗಿದಾಗ ಒಂದು ಸಂದೇಶ ತೋರಿಸುತ್ತೆ. ಯಾವ ಕ್ಲಸ್ಟರ್ ತೆಗೀಬೇಕು ಅನ್ನೋದನ್ನ ನಿಮ್ಮ ಮಶೀನಿನ ಸಂಖ್ಯೆ ತುಂಬಿಸಿಯೇ ಹೇಳುತ್ತೆ. ಆದರೆ ಅದು ಬರೋದು ನೂರಾರು ಪ್ಯಾಕೇಜ್‌ಗಳು ಓಡ್ತಿರೋ ಮಧ್ಯದಲ್ಲಿ. ನಾವು 'ಓಕೆ' ಒತ್ತಿ ಮುಂದೆ ಹೋಗ್ತೀವಿ. ನಾನೂ ಅದೇ ಮಾಡಿದ್ದು. ಹಾಗಾಗಿ ಚೀಟಿಯಲ್ಲಿ ಬರೆದೆ: 'ಇಂಥ ಸಂದೇಶ ಬಂದರೆ ಫೋಟೋ ತೆಗೆದಿಟ್ಟುಕೊಳ್ಳಿ.'

ಮೂರನೇದು, ಅಳಿಸೋ ಮುಂಚೆ ನೋಡಿ. ಪಿಜಿ-ಎಲ್‌ಎಸ್‌ಕ್ಲಸ್ಟರ್ಸ್ ಅಂತ ಒಂದು ಕಮಾಂಡ್ ಇದೆ. ಯಾವ ಆವೃತ್ತಿ, ಯಾವ ಪೋರ್ಟ್, ಓಡ್ತಿದೆಯಾ ಇಲ್ವಾ, ಡೇಟಾ ಎಲ್ಲಿದೆ ಎಲ್ಲ ತೋರಿಸುತ್ತೆ. ಅದಾದ ಮೇಲೆ, ಕೆಡವಬೇಕಾದ ಕ್ಲಸ್ಟರ್ ಒಳಗೆ ಹೋಗಿ ಡೇಟಾಬೇಸ್‌ಗಳ ಪಟ್ಟಿ ನೋಡಿ. ಹೊಸದಾಗಿ ಎದ್ದದ್ದಾದರೆ ಪೋಸ್ಟ್‌ಗ್ರೆಸ್, ಟೆಂಪ್ಲೇಟ್‌0, ಟೆಂಪ್ಲೇಟ್‌1 ಈ ಮೂರೇ ಇರುತ್ತವೆ. ನಾಲ್ಕನೇ ಹೆಸರು ಕಂಡರೆ ಕೈ ತೆಗೀರಿ. ಈ ಎಚ್ಚರಿಕೆ ಕಮಾಂಡ್‌ನ ಮೇಲೆ ಇರಬೇಕು, ಕೆಳಗಲ್ಲ. ಕೆಳಗಿದ್ದರೆ ಓದೋ ಹೊತ್ತಿಗೆ ಕೆಲಸ ಆಗಿಹೋಗಿರುತ್ತೆ.

ನಾಲ್ಕನೇದು, ಹೊಸ ಬ್ಯಾಕಪ್. ಅಂಗಡಿ ಮುಚ್ಚಿದ ಮೇಲೆ, ಏನನ್ನೂ ಮುಟ್ಟೋ ಮುಂಚೆ. ಆ ಬ್ಯಾಕಪ್ಪನ್ನ ಬೇರೆ ಮಶೀನಿಗೆ ಹಾಕಿ ತೆರೆದು ನೋಡಿ. ಸಾಧ್ಯವಾದರೆ ಇಡೀ ಅಪ್‌ಗ್ರೇಡನ್ನೇ ಆ ಮಶೀನಲ್ಲಿ ಒಂದು ಸಲ ಮಾಡಿ, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬರೆದಿಡಿ. ಪೋಸ್ಟ್‌ಜಿಐಎಸ್ ಥರದ ಎಕ್ಸ್‌ಟೆನ್ಷನ್ ಇದ್ದರೆ ಹೊಸ ಆವೃತ್ತಿಗೆ ಅದರ ಪ್ಯಾಕೇಜ್ ಬೇರೇನೇ ಹಾಕಬೇಕು, ಅದೂ ಇಲ್ಲೇ ಗೊತ್ತಾಗುತ್ತೆ.

ಐದನೇದು, ಮುಗಿದ ಮೇಲೆ ಏನು ಕಾಣಬೇಕು ಅಂತ ಬರೀರಿ. ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್ ಸರಿಯಾಗಿ ಮುಗಿದರೆ ಪೋರ್ಟ್‌ಗಳು ಅದಲು ಬದಲಾಗುತ್ತವೆ. ಹೊಸದು 5432ಕ್ಕೆ ಬರುತ್ತೆ. ಹಳೇದು ಅಳಿಯೋದಿಲ್ಲ, ತಾನಾಗಿ ಶುರುವಾಗದ ಹಾಗೆ ಪಕ್ಕಕ್ಕೆ ಸರಿಯುತ್ತೆ. ಅದು ನಿಮ್ಮ ವಾಪಸ್ ದಾರಿ. ಆದರೆ ಹೊಸದರಲ್ಲಿ ಬಿಲ್ ಹೊಡೆಯೋಕೆ ಶುರು ಮಾಡಿದ ಮೇಲೆ ಹಳೇದಕ್ಕೆ ವಾಪಸ್ ಹೋದರೆ ಆ ಬಿಲ್‌ಗಳು ಅಲ್ಲಿರಲ್ಲ. ಬೇಗ ಆಗಲಿ ಅಂತ 'ಲಿಂಕ್' ಆಯ್ಕೆ ಬಳಸಿದರೆ ಹೊಸದು ಒಂದು ಸಲ ಶುರುವಾದ ಮೇಲೆ ಹಳೇದನ್ನ ಮತ್ತೆ ಓಡಿಸೋ ಹಾಗೇ ಇಲ್ಲ. ಇದನ್ನೂ ಚೀಟಿಯಲ್ಲಿ ಬರೀಬೇಕು.

ಕೊನೇದು, ಹಳೇದನ್ನ ಕೆಡವೋ ಸಾಲು ಆ ರಾತ್ರಿಯ ಪಟ್ಟಿಯಲ್ಲಿ ಇರಲೇಬಾರದು. ಅದು ಬೇರೆ ಚೀಟಿ, ಒಂದು ವಾರ ಬಿಟ್ಟು, ಇನ್ನೊಬ್ಬರು ಪಕ್ಕದಲ್ಲಿ ಕೂತಿರುವಾಗ.

ಬರೆದಾದ ಮೇಲೆ ಆ ಚೀಟಿಯನ್ನ ಆಫೀಸಿಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿಗೆ ಕೊಟ್ಟು, ಟೆಸ್ಟ್ ಮಶೀನ್ ಮುಂದೆ ಕೂರಿಸಿದೆ. ನಾನು ಬಾಯಿ ಬಿಡಬಾರದು ಅಂತ ನಿಯಮ. ಮೂರು ಕಡೆ ನಿಂತಳು. ಒಂದು ಕಡೆ, 'ಸರ್, ಇದನ್ನ ರೂಟ್ ಆಗಿ ಮಾಡಬೇಕಾ, ಪೋಸ್ಟ್‌ಗ್ರೆಸ್ ಯೂಸರ್ ಆಗಿ ಮಾಡಬೇಕಾ?' ಅಂದಳು. ನನಗೆ ಗೊತ್ತಿತ್ತು, ಚೀಟಿಗೆ ಗೊತ್ತಿರಲಿಲ್ಲ. ಅವಳು ನಿಂತ ಮೂರೂ ಕಡೆ ತಿದ್ದಿದೆ. ಅದೇ ಆ ಚೀಟಿಗೆ ಸಿಕ್ಕ ಒಳ್ಳೇ ರಿಪೇರಿ.

ಇದು ನಮ್ಮ ಆಫೀಸ್ ಚೀಟಿಯ ಮಾತಾಯ್ತು. ಪ್ಯಾಕೇಜ್ ಜೊತೆ ಬರೋ ಸೂಚನೆಯಲ್ಲೇ ಏನಾದ್ರೂ ಅರ್ಥ ಆಗದಿದ್ದರೆ ಅದನ್ನೂ ತಿದ್ದಿಸಬಹುದು. ಡೆಬಿಯನ್‌ನಲ್ಲಿ ರಿಪೋರ್ಟ್‌ಬಗ್ ಅನ್ನೋ ಸಾಧನ ಇರೋದೇ ಅದಕ್ಕೆ. 'ಇಲ್ಲಿ ಗೊಂದಲ ಆಯ್ತು, ಹೀಗೆ ಬರೆದರೆ ಸರಿ ಇರುತ್ತಿತ್ತು' ಅಂತ ಹೇಳೋದೂ ಕೊಡುಗೆಯೇ. ಅದಕ್ಕೆ ಕೋಡ್ ಬರಬೇಕಿಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಆಫೀಸಲ್ಲೋ ಕಾಲೇಜ್ ಲ್ಯಾಬಲ್ಲೋ ಇರೋ ಒಂದು ಹಳೇ ಚೀಟಿ ತೆಗೆದು ನೋಡಿ. ದಿನಾಂಕ ಇದೆಯಾ? ಅಳಿಸೋ ಸಾಲು ಎಲ್ಲಿದೆ? ಅದರಲ್ಲಿರೋ ಸಂಖ್ಯೆ ಇವತ್ತು ಯಾವುದರ ಸಂಖ್ಯೆ?

ನಮ್ಮ ಆಫೀಸಿನ ಆ ಹಳೇ ಚೀಟಿಯನ್ನ ನಾನು ಹರಿದು ಹಾಕಿಲ್ಲ. ಹೊಸದರ ಹಿಂದೆ ಪಿನ್ ಮಾಡಿಟ್ಟಿದ್ದೀನಿ.