ಅವ್ವ ನಿಲ್ಲಿಸಿದ ಸಾಲು



ಹವ್ಯಾಸಗಳನ್ನು ಕುರಿತ ಈ ಭಾಷಣಮಾಲೆಯಲ್ಲಿ ನಾನೂ ಮಾತನಾಡಬೇಕೆಂದು ತೀರ್ಮಾನವಾದಾಗ, ನನ್ನ ಸಹೋದ್ಯೋಗಿಗಳು ನಾನು ಛಾಯಾಗ್ರಹಣದ ಬಗ್ಗೆಯೋ ನಕ್ಷತ್ರ ವೀಕ್ಷಣೆಯ ಬಗ್ಗೆಯೋ ಹೇಳುತ್ತೇನೆಂದು ಎಣಿಸಿದ್ದರು. ಅದು ಸಹಜವೇ. ನಾನು ಓದಿದ್ದು ಭೌತವಿಜ್ಞಾನ, ಮಾಡುವ ಉದ್ಯೋಗ ದೂರದರ್ಶನ ಕಾರ್ಯಕ್ರಮಗಳ ನಿರ್ಮಾಣ. ಆದರೆ ಈಗ ಆರು ವರ್ಷಗಳಿಂದ ನನ್ನ ಹವ್ಯಾಸ ಕೌದಿ ಹೊಲಿಯುವುದು. ನಿಮಗೆ ನಗು ಬಂದಿದ್ದರೆ ಸಂಕೋಚವಿಲ್ಲದೆ ನಕ್ಕುಬಿಡಿ. ಮೊದಲ ಸಲ ಸೂಜಿ ಹಿಡಿದ ದಿನ ನನ್ನನ್ನು ಕಂಡು ನಾನೇ ನಕ್ಕಿದ್ದೆ.

ಕೌದಿ ಎಂದರೇನು? ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಹಳೆಯ ಸೀರೆ, ಧೋತರ, ಅಂಗಿ, ಲಂಗಗಳ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಯಿಂದ ಸಾಲು ಸಾಲಾಗಿ ಹೊಲಿದ ದಪ್ಪ ಹೊದಿಕೆಯೇ ಕೌದಿ. ಹಾಸುವುದಕ್ಕೂ ಅದೇ, ಹೊದೆಯುವುದಕ್ಕೂ ಅದೇ. ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ ಎಂದು ಇದರ ಅಕ್ಕತಂಗಿಯರು ನಾಡಿನ ತುಂಬ ಇದ್ದಾರೆ. ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಹರಿದದ್ದನ್ನು ಎಸೆಯದೆ ಮತ್ತೊಂದು ಆಯುಷ್ಯ ಕೊಟ್ಟ ಜಾಣತನ ಇದು.

ನಮ್ಮ ಊರು ಗದಗ ಸೀಮೆಯಲ್ಲಿದೆ. ಅವ್ವ ಪ್ರತಿವರ್ಷ ಸುಗ್ಗಿಯ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಒಂದು ಕೌದಿ ಹಾಸುತ್ತಿದ್ದಳು. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ರಜೆಗೆ ಬಂದವನು, ಕಲಿತ ವಿದ್ಯೆಯನ್ನು ತೋರಿಸುವ ಹುಮ್ಮಸ್ಸಿನಲ್ಲಿ ಅವಳ ಕೌದಿಯನ್ನು ಅಳೆದೆ. ಉದ್ದ 210 ಸೆಂಟಿಮೀಟರ್, ಅಗಲ 150. ಎರಡು ಸೆಂಟಿಮೀಟರಿಗೆ ಒಂದು ಸಾಲು. ಅಂದರೆ ಒಟ್ಟು 75 ಸಾಲು. ಒಂದು ಸೆಂಟಿಮೀಟರಿಗೆ ಒಂದು ಹೊಲಿಗೆ. ಅಂದರೆ ಸಾಲಿಗೆ 210. ಗುಣಿಸಿದರೆ 15,750 ಹೊಲಿಗೆ. ನಿಮಿಷಕ್ಕೆ ಹತ್ತರಂತೆ ಹಾಕಿದರೂ 26 ಗಂಟೆಗೂ ಹೆಚ್ಚು ಕಾಲ ಸೂಜಿ ಆಡುತ್ತಲೇ ಇರಬೇಕು. ಈ ಲೆಕ್ಕವನ್ನು ಅವ್ವನಿಗೆ ಒಪ್ಪಿಸಿದೆ. ಅವಳು ತಲೆ ಎತ್ತದೆ ಹೇಳಿದಳು: "ಎಣಿಸಿದರ ಕೌದಿ ಆಗೂದಿಲ್ಲ ತಮ್ಮಾ, ಹೊಲದರ ಆಗತೈತಿ. ಬಾ, ಈ ಸೂಜ್ಯಾಗ ದಾರ ಪೋಣಿಸಿ ಕೊಡು." ದಾರ ಪೋಣಿಸಿ ಕೊಟ್ಟು ನಾನು ಗೆಳೆಯರ ಜೊತೆ ಹೊರಗೆ ಹೋದೆ.

ಆಮೇಲೆ ಕೆಲಸ ಸಿಕ್ಕಿತು. ಕ್ಯಾಮೆರಾ ತಂಡದೊಡನೆ ಎಷ್ಟೋ ಊರು ತಿರುಗಿದೆ. ನೇಕಾರರು, ಕುಂಬಾರರು, ಬುಟ್ಟಿ ಹೆಣೆಯುವವರು, ಕಸೂತಿ ಹಾಕುವ ತಾಯಂದಿರು, ಎಲ್ಲರ ಮುಂದೆಯೂ ಧ್ವನಿವರ್ಧಕ ಹಿಡಿದು "ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಮಾತ್ರ ಆ ಪ್ರಶ್ನೆಯನ್ನು ಕೇಳಲಿಲ್ಲ. ಆರು ವರ್ಷಗಳ ಹಿಂದೆ ಅವ್ವ ತೀರಿಕೊಂಡಳು. ಟ್ರಂಕಿನಲ್ಲಿ ಒಂದು ಅರೆಬರೆ ಕೌದಿ ಸಿಕ್ಕಿತು. 41 ಸಾಲು ಮುಗಿದಿದ್ದವು. ನಲವತ್ತೆರಡನೆಯದರ ನಡುವೆ ಸೂಜಿ ಚುಚ್ಚಿದಂತೆಯೇ ಇತ್ತು.

ಅದನ್ನೇನು ಮಾಡುವುದು? ಮನೆಯಲ್ಲಿ ಚರ್ಚೆಯಾಯಿತು. "ದರ್ಜಿ ಕಡೆ ಕೊಟ್ಟು ಮಷೀನಿನ್ಯಾಗ ಮುಗಿಸಿಸೋಣು" ಎಂದಳು ಅಕ್ಕ. "ಅವ್ವನ ನೆನಪಿಗೆ ಹಂಗ ಇಡೂಣು, ಮುಟ್ಟೂದು ಬ್ಯಾಡ" ಎಂದ ಅಣ್ಣ. ಮೂಲೆಯಲ್ಲಿ ಕುಳಿತಿದ್ದ ಚಿಗವ್ವ ಮಾತ್ರ, "ಹೊದಿಯಾಕಂತ ಹೊಲದದ್ದು, ಟ್ರಂಕಿನ್ಯಾಗ ಇಡಾಕಲ್ಲ" ಎಂದಳು. ಆ ಮಾತು ನನ್ನ ಮನಸ್ಸಿಗೆ ತಾಗಿತು. ನಾನೇ ಮುಗಿಸುತ್ತೇನೆಂದು ಹೇಳಿ ಕೌದಿಯನ್ನು ಬೆಂಗಳೂರಿಗೆ ತಂದೆ.

ಉಳಿದ 34 ಸಾಲಿಗೆ ನನ್ನ ಹಳೆಯ ಲೆಕ್ಕದಂತೆ ಹನ್ನೆರಡು ಗಂಟೆ ಸಾಕಾಗಬೇಕಿತ್ತು. ಹಿಡಿದದ್ದು ಒಂಬತ್ತು ತಿಂಗಳು. ಮೊದಲನೆಯದಾಗಿ, ನನ್ನ ಹೊಲಿಗೆ ಅವ್ವನ ಹೊಲಿಗೆಯ ಎರಡರಷ್ಟು ಉದ್ದ ಬರುತ್ತಿತ್ತು. ಉದ್ದ ಹೊಲಿಗೆಗೆ ಕಾಲಿನ ಬೆರಳು ಸಿಕ್ಕಿ ದಾರ ಕಿತ್ತುಬರುತ್ತದೆ. ಎರಡನೆಯದಾಗಿ, ಭದ್ರವಾಗಲೆಂದು ನಾನು ದಾರವನ್ನು ಬಿಗಿಯಾಗಿ ಎಳೆಯುತ್ತಿದ್ದೆ, ಬಟ್ಟೆ ಸುಕ್ಕಾಗಿ ನಿಲ್ಲುತ್ತಿತ್ತು. ಪ್ರತಿ ಸಾಲು ಮುಗಿದ ಮೇಲೆ ಅವ್ವ ಅಂಗೈಯಿಂದ ಕೌದಿಯನ್ನು ಒಮ್ಮೆ ಸವರುತ್ತಿದ್ದುದು ಆಗ ನೆನಪಾಯಿತು. ಅದು ಮಮತೆಯಿಂದ ಎಂದು ತಿಳಿದಿದ್ದೆ. ಸವರಿದಾಗ ದಾರ ಸಡಿಲಗೊಂಡು, ಸಾಲಿನ ಉದ್ದಕ್ಕೂ ಸಮನಾಗಿ ಹಂಚಿಕೊಳ್ಳುತ್ತದೆ ಎಂಬುದು ನಾನೇ ಹೊಲಿದಾಗ ತಿಳಿಯಿತು. ಮಮತೆಯೂ ಇದ್ದಿರಬಹುದು, ತಂತ್ರವಂತೂ ಇತ್ತು.

ವಿಜ್ಞಾನದ ವಿದ್ಯಾರ್ಥಿಗಳೇ, ಈಗ ಸ್ವಲ್ಪ ನಿಮ್ಮ ಕಡೆಗೆ ಬರುತ್ತೇನೆ. ಕೌದಿ ಬೆಚ್ಚಗಿರುವುದೇಕೆ? ಬಟ್ಟೆ ಶಾಖ ಕೊಡುವುದಿಲ್ಲ. ಶಾಖ ನಮ್ಮ ಮೈಯದು. ಅದು ಹೊರಗೆ ಹೋಗದಂತೆ ತಡೆಯುವುದು ಮುಖ್ಯವಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ನಿಶ್ಚಲವಾದ ಗಾಳಿ ಬಹಳ ಕೆಟ್ಟ ಉಷ್ಣವಾಹಕ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ಒದ್ದೆ ಕೌದಿಯಲ್ಲಿ ಚಳಿಯಾಗಲು ಇದೂ ಒಂದು ಕಾರಣ. ಆದರೆ ಗಾಳಿ ಓಡಾಡಿದರೆ ಶಾಖವನ್ನೂ ಹೊತ್ತೊಯ್ಯುತ್ತದೆ. ಆದ್ದರಿಂದ ಗಾಳಿ ಇರಬೇಕು, ಓಡಾಡಬಾರದು. ಪದರಗಳು ಜಾರಿ ಒಂದೆಡೆ ಗುಡ್ಡೆಯಾಗದಂತೆ ಹೊಲಿಗೆಯ ಸಾಲುಗಳು ಕಾಯುತ್ತವೆ. ತೀರ ಬಿಗಿದು ಹೊಲಿದರೆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಅವ್ವನ ಸಡಿಲ ದಾರದ ಹಿಂದೆ ಇಷ್ಟು ಭೌತವಿಜ್ಞಾನ ಅಡಗಿತ್ತು.

ಇದನ್ನು ನೀವೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳಲ್ಲಿ ಸಮನಾಗಿ ಬಿಸಿನೀರು ಹಾಕಿ ತಟ್ಟೆ ಮುಚ್ಚಿ. ಒಂದನ್ನು ಹಾಗೆಯೇ ಬಿಡಿ, ಒಂದಕ್ಕೆ ಹಳೆಯ ಹತ್ತಿಬಟ್ಟೆಯ ಒಂದು ಸುತ್ತು, ಇನ್ನೊಂದಕ್ಕೆ ಸಡಿಲವಾಗಿ ನಾಲ್ಕು ಸುತ್ತು ಸುತ್ತಿ. ಐದೈದು ನಿಮಿಷಕ್ಕೆ ಉಷ್ಣತಾಮಾಪಕ ಇಟ್ಟು ಬರೆದುಕೊಳ್ಳಿ. ಮರುದಿನ ಅದೇ ಬಟ್ಟೆಯನ್ನು ಒದ್ದೆ ಮಾಡಿ ಮತ್ತೆ ಪ್ರಯೋಗ ಮಾಡಿ. ನಿಮ್ಮ ರೇಖಾಚಿತ್ರವೇ ಉತ್ತರ ಹೇಳುತ್ತದೆ.

ಇನ್ನೊಂದು ಗುಟ್ಟು ಬಟ್ಟೆಯ ಎಳೆಗಳದ್ದು. ಒಂದು ಕರವಸ್ತ್ರವನ್ನು ಅಂಚಿನ ದಿಕ್ಕಿನಲ್ಲಿ ಎಳೆಯಿರಿ, ಅಷ್ಟಾಗಿ ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ, ಚೆನ್ನಾಗಿ ಹಿಗ್ಗುತ್ತದೆ. ನೇಯ್ಗೆಯ ಹಾಸು ಮತ್ತು ಹೊಕ್ಕು ಎಳೆಗಳು ನೆಟ್ಟಗೆ ಎಳೆದಾಗ ಭಾರ ಹೊರುತ್ತವೆ, ಓರೆಯಾಗಿ ಎಳೆದಾಗ ಒಂದರ ಮೇಲೊಂದು ತಿರುಗಿ ಜಾಗ ಬಿಡುತ್ತವೆ. ತ್ರಿಕೋನದ ತುಂಡುಗಳನ್ನು ಕತ್ತರಿಸುವಾಗ ಅದರ ಓರೆ ಅಂಚು ಅಲೆಅಲೆಯಾಗುವುದು ಇದರಿಂದಲೇ. ಕೌದಿ ಹೊಲಿಯುವವರು ಚೌಕಗಳನ್ನು ಧಾರಾಳವಾಗಿ, ತ್ರಿಕೋನಗಳನ್ನು ಎಚ್ಚರದಿಂದ ಬಳಸಬೇಕು.

ಎಲ್ಲರ ಪದ್ಧತಿಯೂ ಒಂದೇ ಅಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದಲ್ಲಿ ಸಿದ್ದಿ ಜನರಿದ್ದಾರೆ. ಇವರಲ್ಲಿ ಬಹಳಷ್ಟು ಮಂದಿಯ ಪೂರ್ವಿಕರು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ತರಲ್ಪಟ್ಟ ಆಫ್ರಿಕನ್ನರು. ಅವ್ವ ಎಲ್ಲ ಪದರಗಳನ್ನೂ ಹಾಸಿ, ಉದ್ದಕ್ಕೆ ಸಾಲು ಹಾಕುತ್ತಿದ್ದಳು. ಸಿದ್ದಿ ಹೆಂಗಸರು ಒಂದು ಸೀರೆಯನ್ನು ಕೆಳಗೆ ಹಾಸಿಕೊಂಡು, ಒಂದು ಮೂಲೆಯಿಂದ ತುಂಡುಗಳನ್ನು ಇಡುತ್ತ, ಅಂಚಿನ ಗುಂಟ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಪುಟ್ಟ ಹೂವನ್ನು ಕೂಡಿಸುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. 2004ರಲ್ಲಿ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಗುಂಪೊಂದು ರೂಪುಗೊಂಡಿತು. ಅವರ ಕೌದಿಗಳು ವಿದೇಶದ ಪ್ರದರ್ಶನಗಳ ಗೋಡೆ ಏರಿದವು. ಆದರೂ ಅವು ಹುಟ್ಟಿದ್ದು ಮಕ್ಕಳನ್ನು ಮಲಗಿಸಲಿಕ್ಕೆ ಎಂಬುದನ್ನು ನಾವು ಮರೆಯಬಾರದು.

ಈಗ ನನ್ನ ಮನೆಯಲ್ಲಿ ಏನೇನು ಹೊಲಿಗೆ ನಡೆದಿದೆ ಎಂದು ಕೇಳುತ್ತೀರಾ? ಮೂರು ಕೆಲಸಗಳಿವೆ. ಒಂದು, ಅಕ್ಕನ ಮೊಮ್ಮಗಳಿಗೆ ಪುಟ್ಟ ಕೌದಿ. ತೊಟ್ಟಿಲ ಅಳತೆಯದು, ಅರ್ಧ ಮುಗಿದಿದೆ. ಇದಕ್ಕೆ ಅಂದವಾಗಿರಲೆಂದು ಅಂಗಡಿಯಿಂದ ಹೊಸ ಕೆಂಪು ಬಟ್ಟೆ ತಂದು ಹಾಗೆಯೇ ಅಂಚು ಹೊಲಿದೆ. ತೊಳೆದಾಗ ಹೊಸ ಬಟ್ಟೆ ಕುಗ್ಗಿತು, ಹಳೆಯದು ಕುಗ್ಗಲಿಲ್ಲ, ಅಂಚೆಲ್ಲ ಮುದುಡಿಕೊಂಡಿತು. ಈಗ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇನೆ. ಹೊಸ ಹತ್ತಿಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸಬೇಕೆಂಬ ಪಾಠ ನನಗೆ ಹೀಗೆ ದೊರೆಯಿತು. ಎರಡು, ಮಗನ ಹಳೆಯ ಜೀನ್ಸ್ ಪ್ಯಾಂಟುಗಳಿಂದ ಪುಸ್ತಕದ ಚೀಲ. ಆ ದಪ್ಪ ಬಟ್ಟೆಯಲ್ಲಿ ಎರಡು ಸೂಜಿ ಮುರಿದಿವೆ. ಮೂರು, ಸಿದ್ದಿ ರೀತಿಯಲ್ಲಿ ಅಂಚಿನಿಂದ ನಡುವಿಗೆ ಬರುವ ಒಂದು ಸಣ್ಣ ಹಾಸು. ಅದು ಯಾವಾಗ ಮುಗಿಯುವುದೋ ನಾನು ಹೇಳಲಾರೆ.

ನೀವೂ ಆರಂಭಿಸಬೇಕೆಂದರೆ ದೊಡ್ಡ ಕೌದಿಗೆ ಕೈಹಾಕಬೇಡಿ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಹಳೆಯ ಹತ್ತಿಬಟ್ಟೆಯ ಮೂರು ಪದರ ತೆಗೆದುಕೊಳ್ಳಿ. ಮೇಲೆ ನಾಲ್ಕು ತುಂಡುಗಳನ್ನು ಅಂಚು ಮಡಿಚಿ ಇಡಿ. ಪದರಗಳು ಸರಿಯದಂತೆ ದೊಡ್ಡ ಹೊಲಿಗೆಯಿಂದ ತಾತ್ಕಾಲಿಕವಾಗಿ ಹಿಡಿಸಿಕೊಳ್ಳಿ. ಸೀಮೆಸುಣ್ಣದಿಂದ ಗೆರೆ ಎಳೆದು, ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಸಾದಾ ಹೊಲಿಗೆ ಹಾಕಿ. ದಾರ ನಿಮ್ಮ ಕೈಯಷ್ಟು ಉದ್ದವಿದ್ದರೆ ಸಾಕು, ಉದ್ದವಾದರೆ ಗಂಟಾಗುತ್ತದೆ. ಹುಡುಗರೇ, ಇದು ಹುಡುಗಿಯರ ಕೆಲಸವೆಂದು ಹಿಂದೆ ಸರಿಯಬೇಡಿ. ನಮ್ಮ ಊರಿನ ದರ್ಜಿ ಗಂಡಸೇ ಆಗಿದ್ದ. ಅವನು ಸೂಜಿ ಹಿಡಿದರೆ ಯಾರೂ ನಗುತ್ತಿರಲಿಲ್ಲ.

ಅವ್ವನ ಕೌದಿಯ ಕಥೆ ಮುಗಿಸುತ್ತೇನೆ. ಪೂರ್ತಿಯಾದ ಮೇಲೆ ನೋಡಿದರೆ, ಎಲ್ಲಿಯವರೆಗೆ ಅವಳ ಕೈ, ಎಲ್ಲಿಂದ ನನ್ನ ಕೈ ಎಂಬುದು ದೂರದಿಂದಲೇ ಕಾಣುತ್ತಿತ್ತು. ನಾಚಿಕೆಯಾಗಿ, ನನ್ನ ಮೊದಲ ಹತ್ತು ಸಾಲನ್ನು ಬಿಚ್ಚಿ ಮತ್ತೆ ಹೊಲಿಯುತ್ತೇನೆಂದು ಚಿಗವ್ವನಿಗೆ ತೋರಿಸಿದೆ. ಅವಳು ಬೆರಳಿನಿಂದ ಆ ಸಾಲುಗಳನ್ನು ಮುಟ್ಟುತ್ತ ಹೋಗಿ, "ಬಿಚ್ಚಬ್ಯಾಡೋ. ಇಲ್ಲಿ ಅಕ್ಕ ನಿಲ್ಲಿಸ್ಯಾಳ, ಇಲ್ಲಿಂದ ನೀ ಹಿಡದೀ. ಗೊತ್ತಾಗಬೇಕಲ್ಲ" ಎಂದಳು. ಆಮೇಲೆ, ಅವ್ವ ಬಳಸಿದ್ದ ತುಂಡುಗಳನ್ನು ಒಂದೊಂದಾಗಿ ಗುರುತಿಸಿ ಹೇಳತೊಡಗಿದಳು: ಇದು ನಿಮ್ಮಪ್ಪನ ಧೋತರ, ಇದು ನಿನ್ನ ಶಾಲೆಯ ಅಂಗಿ, ಇದು ನನ್ನ ಮದುವೆಯಲ್ಲಿ ಅಕ್ಕ ಉಟ್ಟ ಇಳಕಲ್ಲ ಸೀರೆ. ಆ ದಿನ ನಾನು ಮೊದಲ ಬಾರಿಗೆ ಕ್ಯಾಮೆರಾ ಇಲ್ಲದೆ, ಒಂದು ನೋಟುಬುಕ್ಕು ಹಿಡಿದು ಕುಳಿತು ಎಲ್ಲವನ್ನೂ ಬರೆದುಕೊಂಡೆ. ಅವ್ವನನ್ನು ಕೇಳಿದ್ದರೆ ಇನ್ನೆಷ್ಟು ಸಿಗುತ್ತಿತ್ತೋ.

ನಿಮ್ಮ ಮನೆಯಲ್ಲಿಯೂ ಕೈಯಿಂದ ಏನಾದರೊಂದು ಮಾಡಬಲ್ಲವರು ಇರುತ್ತಾರೆ. ಹೊಲಿಗೆಯೇ ಆಗಬೇಕೆಂದಿಲ್ಲ, ಸಂಡಿಗೆ ಹಾಕುವುದಿರಬಹುದು, ಹಗ್ಗ ಹೊಸೆಯುವುದಿರಬಹುದು. ಈ ವಾರ ಅವರ ಪಕ್ಕದಲ್ಲಿ ಒಂದು ಗಂಟೆ ಕುಳಿತು, "ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಿ. ದಾರ ಪೋಣಿಸಿ ಕೊಡು ಎಂದರೆ ಪೋಣಿಸಿ ಕೊಡಿ. ಕೊಟ್ಟಮೇಲೆ ಎದ್ದು ಹೋಗಬೇಡಿ.